ಅಣ್ಣನಿಗೆ ಯಾರೂ ಇಲ್ಲ

ಅಣ್ಣನಲ್ಲಿದ್ದ ಒಂದೇ ಒಂದು ದೋಷವೆಂದರೆ ತಂಗಿ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತುಹೋಗಿತ್ತು, ಹೆಂಡತಿ ಮಕ್ಕಳಿರಲಿಲ್ಲ, ವಯಸ್ಸು ಐವತ್ತೆಂಟು ದಾಟಿತ್ತು. ಪ್ರಾರ್ಥನಾ ಮಂದಿರದವರು ನಡೆಸುವ ಆಶ್ರಯಧಾಮಕ್ಕೆ ಇದಕ್ಕಿಂತ ಯೋಗ್ಯ ಅಭ್ಯರ್ಥಿ ಹುಡುಕಿದರೂ ಸಿಗುತ್ತಿರಲಿಲ್ಲ. ಫೋನಿನಲ್ಲಿ ಅಲ್ಲಿನ ಆಫೀಸಿನವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ, "ನೀವು ಅವರಿಗೆ ಏನಾಗ್ಬೇಕು?" ಎಂದ. ತಂಗಿ ಎಂದಳು. "ಹಾಗಿದ್ರೆ ಆಗಲ್ಲಮ್ಮ. ನಮ್ಮಲ್ಲಿರೋದು ಹದಿನೆಂಟು ಹಾಸಿಗೆ. ಅದೂ ಯಾರೂ ಇಲ್ಲದವರಿಗೆ. ಇವರಿಗೆ ನೀವಿದ್ದೀರಲ್ಲ, ದೇವರು ದೊಡ್ಡೋನು" ಎಂದು ಫೋನಿಟ್ಟ.

ದೇವರು ದೊಡ್ಡವನೇ ಇರಬಹುದು. ಅಣ್ಣನೂ ಸಣ್ಣವನಲ್ಲ, ಎಪ್ಪತ್ತೆರಡು ಕಿಲೋ. ನಾಲ್ಕು ವರ್ಷ ಅವನನ್ನು ಎತ್ತಿ, ಕೂರಿಸಿ, ತೊಳೆದು, ಉಣಿಸಿ ಅವಳ ಬೆನ್ನು ಸವೆದುಹೋಗಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ಮೇಲೆ ಒಂದು ಬಕೆಟ್ ನೀರೂ ಎತ್ತಬೇಡಿ. ಎತ್ತಿದ್ರೆ ನೀವೂ ಅವರ ಪಕ್ಕದಲ್ಲೇ ಮಲಗ್ತೀರಿ" ಎಂದಿದ್ದರು. ಹೇಳುವುದಕ್ಕೇನು. ಹೋದ ತಿಂಗಳು ಬಚ್ಚಲಲ್ಲಿ ಅಣ್ಣ ಕೈಜಾರಿದ, ಅವನ ಕೆಳಗೆ ಅವಳೂ ಬಿದ್ದಳು. ಪಕ್ಕದ ಮನೆಯ ಟೀಚರು ಶಾಲೆ ಮುಗಿಸಿ ಬರುವ ತನಕ ಇಬ್ಬರೂ ಒದ್ದೆ ನೆಲದ ಮೇಲೆ ಸೂರು ನೋಡುತ್ತ ಮಲಗಿದ್ದರು. ಅಣ್ಣ ಒಂದು ಕಾಲದಲ್ಲಿ ಲಿಫ್ಟ್ ಮೆಕ್ಯಾನಿಕ್. ಅರ್ಧ ಊರನ್ನು ಮೇಲೆತ್ತಿದವನನ್ನು ನೆಲದಿಂದ ಮೇಲೆತ್ತಲು ಒಂದು ನರಪಿಳ್ಳೆಯೂ ಇಲ್ಲವಲ್ಲ ಎಂದು ಅವಳಿಗೆ ನಗು ಬಂತು. ಆಮೇಲೆ ಅಳು ಬಂತು.

ಹೊಟ್ಟೆ ಉರಿದದ್ದಕ್ಕೆ ಇನ್ನೊಂದು ಕಾರಣವಿತ್ತು. ಅವಳು ಇಪ್ಪತ್ತೆರಡು ವರ್ಷದಿಂದ ಲಾಂಡ್ರಿಯೊಂದರಲ್ಲಿ ಬಟ್ಟೆಗಳಿಗೆ ಗುರುತು ಹಾಕುವವಳು. ಕಾಲರಿನ ಒಳಗೆ, ಸೊಂಟದ ಪಟ್ಟಿಯ ಹಿಂದೆ, ಎಷ್ಟು ಒಗೆದರೂ ಹೋಗದ ಮಸಿಯಲ್ಲಿ ಪುಟ್ಟ ಅಕ್ಷರ, ಪುಟ್ಟ ಅಂಕಿ. ಗಿರಾಕಿಗಳು ಅವಳನ್ನು ಕರೆಯುತ್ತಿದ್ದದ್ದೇ ಗುರುತಕ್ಕ ಎಂದು. ಆರು ತಿಂಗಳಾದರೂ ಯಾರೂ ಒಯ್ಯದ ಬಟ್ಟೆಗಳು ಹಿಂದಿನ ಕಪಾಟಿಗೆ ಹೋಗುತ್ತಿದ್ದವು. ಗುರುತಕ್ಕ ಅವುಗಳ ಬಿದ್ದುಹೋದ ಗುಂಡಿ ಹೊಲಿದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ಆಶ್ರಯಧಾಮದ ವ್ಯಾನಿಗೆ ಹಾಕಿಸುತ್ತಿದ್ದಳು. ಆ ಹದಿನೆಂಟು ಹಾಸಿಗೆಯವರ ಮೈಮೇಲಿನ ಅಂಗಿಗಳಲ್ಲಿ ಅರ್ಧ ಅವಳ ಕೈದಾಟಿ ಹೋದವು. ಎಂದೂ ಯಾವ ಪ್ರತಿಫಲವನ್ನೂ ಕೇಳಿದವಳಲ್ಲ. ಈಗ ಮೊದಲ ಸಲ ಕೇಳಿದರೆ, ನೀನಿದ್ದೀಯಲ್ಲ ಎಂದುಬಿಟ್ಟರು.

ಸರಿ, ತಾನು ಇಲ್ಲದಿದ್ದರಾಯಿತು.

ಇದು ಅಪರಾಧ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಲಾಗದವರನ್ನು ಬೀದಿಗೆ ಬಿಟ್ಟವರನ್ನು ಪೊಲೀಸರು ಹಿಡಿದದ್ದನ್ನು ಪತ್ರಿಕೆಯಲ್ಲಿ ಓದಿದ್ದಳು. ಹಾಗೆ ಸಿಕ್ಕಿಬಿದ್ದವರೆಲ್ಲ ದಡ್ಡರು ಎಂಬುದು ಅವಳ ಅಭಿಪ್ರಾಯ. ಒಬ್ಬ ಮಗ ಅಮ್ಮನನ್ನು ಬಿಟ್ಟುಹೋಗುವಾಗ ಮೈಮೇಲಿನ ಸ್ವೆಟರಿನಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತಂತೆ. ಬಟ್ಟೆ ಬಾಯಿ ಬಿಡುತ್ತದೆ ಎಂಬುದು ಅಂಥವರಿಗೆ ಹೇಗೆ ಹೊಳೆಯಬೇಕು? ಅಂಗಿಯ ಕಲೆ ನೋಡಿ ಗಿರಾಕಿಯ ಗಂಡ ಎಲ್ಲಿ ಊಟ ಮಾಡಿದ ಎಂದು ಹೇಳಬಲ್ಲವಳು ಗುರುತಕ್ಕ. ಅವಳಿಗೆ ಈ ಕೆಲಸ ನೀರು ಕುಡಿದಷ್ಟು ಸುಲಭ. ಪುಣ್ಯಕ್ಕೆ ಫೋನಿನಲ್ಲಿ ತನ್ನ ಹೆಸರನ್ನಾಗಲಿ ಅಣ್ಣನ ಹೆಸರನ್ನಾಗಲಿ ಹೇಳಿರಲಿಲ್ಲ.

ಮೂರು ವಾರ ಅಣ್ಣನ ಗಡ್ಡ ಬೋಳಿಸಲಿಲ್ಲ. ಹಿಂದಿನ ಕಪಾಟಿನಿಂದ ಬೂದುಬಣ್ಣದ ಅಂಗಿ, ಯಾರದೋ ಪ್ಯಾಂಟು, ಇನ್ಯಾರದೋ ಕೋಟು ಆರಿಸಿದಳು. ಮೂರರ ಗುರುತನ್ನೂ ಬ್ಲೇಡಿನಿಂದ ಹೆರೆದು, ಹೆರೆದ ಜಾಗ ಎದ್ದು ಕಾಣದ ಹಾಗೆ ಕಲ್ಲಿಗೆ ಉಜ್ಜಿದಳು. ಗುಂಡಿಗಳನ್ನು ಬೇರೆ ಬೇರೆ ನೂಲಿನಲ್ಲಿ ಹೊಲಿದಳು. ಬೇರೆ ಪೇಟೆಯ ಗುಜರಿಯಿಂದ ಗಾಲಿಕುರ್ಚಿ ತಂದು ಅದರ ನಂಬರಿನ ತಗಡು ಕಿತ್ತಳು. ಟೀಚರಿಗೆ ಮುಂಚೆಯೇ, "ದೊಡ್ಡಪ್ಪನ ಮಗ ಬಂದು ಅಣ್ಣನ್ನ ಕರ್ಕೊಂಡು ಹೋಗ್ತಾನೆ, ಸ್ವಲ್ಪ ದಿನ ಅಣ್ಣ ಅಲ್ಲೇ ಇರ್ತಾನೆ" ಎಂದು ಹೇಳಿಟ್ಟಳು. ಟೀಚರು, "ಒಳ್ಳೇದಾಯ್ತು ಬಿಡಿ, ಅಂತೂ ಒಬ್ಬ ನೆಂಟ ಹುಟ್ಟಿಕೊಂಡನಲ್ಲ" ಎಂದರು.

ಯೋಜನೆಯ ನಿಜವಾದ ಸೊಗಸು ಇದ್ದದ್ದು ಅದರ ಎರಡನೆಯ ಅರ್ಧದಲ್ಲಿ. ಆಶ್ರಯಧಾಮಕ್ಕೆ ಭಾನುವಾರ ಯಾರು ಬೇಕಾದರೂ ಸೇವೆಗೆ ಹೋಗಬಹುದು. ಊಟ ಮಾಡಿಸುವುದು, ಉಗುರು ಕತ್ತರಿಸುವುದು, ಕೈಹಿಡಿದು ಕೂತು ಮಾತಾಡುವುದು. ಅವಳು ಭಾನುವಾರದ ಸೇವಕಿಯಾಗುತ್ತಾಳೆ. ಕಾಗದದ ಮೇಲೆ ಅಣ್ಣನಿಗೆ ಯಾರೂ ಇರುವುದಿಲ್ಲ, ವಾರಕ್ಕೊಮ್ಮೆ ತಂಗಿ ಪಕ್ಕದಲ್ಲೇ ಇರುತ್ತಾಳೆ. ಎತ್ತುವುದಕ್ಕೆ ಆರು ಜನ ಗಟ್ಟಿಮುಟ್ಟು ಆಳುಗಳು, ಮಾತಾಡಿಸುವುದಕ್ಕೆ ಅವಳು. ಯೋಚಿಸಿದಾಗಲೆಲ್ಲ ತನ್ನ ತಲೆಗೆ ತಾನೇ ಶಹಭಾಸ್ ಎನ್ನುತ್ತಿದ್ದಳು.

ಅಣ್ಣನಿಗೆ ಎಲ್ಲವನ್ನೂ ಹೇಳಿದಳು. ಮೋಸ ಮಾಡುವುದಾದರೆ ಲೋಕಕ್ಕೆ, ಅವನಿಗಲ್ಲ. "ನನ್ನ ನೋಡಿದ್ರೆ ಗುರುತೇ ಇಲ್ಲದ ಹಾಗೆ ಇರ್ಬೇಕು. ಅಳಬಾರ್ದು. ಆಗುತ್ತಾ?" ಅಣ್ಣ ಎಡಗೈಯಿಂದ ಅವಳ ಬೆನ್ನು ಸವರಿದ, ನೋವಿರುವ ಜಾಗವನ್ನೇ ಹುಡುಕಿ. ಅವಳು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಸೋಮವಾರ ಮಧ್ಯಾಹ್ನ ಮಂದಿರದ ಅಂಗಳದಲ್ಲಿ ಬಂದವರಿಗೆಲ್ಲ ಊಟ. ಅಲ್ಲಿ ಯಾರೂ ಇಲ್ಲದ ರೋಗಿ ಕಂಡರೆ ಮಂದಿರದವರೇ ಆಶ್ರಯಧಾಮಕ್ಕೆ ಸೇರಿಸುತ್ತಾರೆ. ಸಾಲು ಬೀದಿಯ ತಿರುವಿನವರೆಗೆ ಇರುತ್ತದೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕ್ಯಾಮೆರಾ ಇರುವುದು ಗೇಟಿಗೆ, ಪಕ್ಕದ ಓಣಿಗಲ್ಲ. ಇದನ್ನು ಅವಳು ಮೂರು ಸೋಮವಾರ ಎದುರಿನ ಬಸ್‌ಸ್ಟಾಪಿನಲ್ಲಿ ಕೂತು ಖಚಿತ ಮಾಡಿಕೊಂಡಿದ್ದಳು. ಓಣಿಯಿಂದ ಕುರ್ಚಿ ತಳ್ಳಿಕೊಂಡು ಬಂದು, ಸಾಲಿನ ಕೊನೆಗೆ ನಿಲ್ಲಿಸಿ, ಬ್ರೇಕು ಹಾಕಿದಳು. ಕೋಟಿನ ಕಾಲರು ಸರಿಮಾಡಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬಂದ ಓಣಿಯಲ್ಲೇ ನಡೆದಳು. ತಿರುಗಿ ನೋಡಬಾರದೆಂದು ಯೋಜನೆಯಲ್ಲಿತ್ತು, ನೋಡಲಿಲ್ಲ.

ಮಂಗಳವಾರ, ಬುಧವಾರ ಕಳೆದವು. ಪೊಲೀಸರು ಬರಲಿಲ್ಲ, ಫೋನು ಬರಲಿಲ್ಲ. ಹುಡುಕುವವರಿದ್ದರೆ ತಾನೆ ಸಿಗುವುದು! ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ನಾಲ್ಕು ವರ್ಷದಲ್ಲಿ ಮೊದಲ ಸಲ ಪೂರ್ತಿ ನಿದ್ದೆ ಬಂತು, ಎದ್ದಾಗ ಅದಕ್ಕೂ ನಾಚಿಕೆಯಾಯಿತು.

ಭಾನುವಾರ ಆಶ್ರಯಧಾಮದಲ್ಲಿ ಅವಳನ್ನು ಬರಮಾಡಿಕೊಂಡದ್ದು ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಮೇಲ್ವಿಚಾರಕಿ. ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ. "ಲಾಂಡ್ರಿ ಗುರುತಕ್ಕನಾ? ಅಯ್ಯೋ, ನಿಮ್ಮ ಬಟ್ಟೆ ಗಂಟು ಬಂತು ಅಂದ್ರೆ ಇಲ್ಲಿ ಹಬ್ಬ! ಬನ್ನಿ ಬನ್ನಿ" ಎಂದು ಒಳಗೆ ಕರೆದುಕೊಂಡು ಹೋದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಣ್ಣ ಇರುವುದು ಓರೆಗಣ್ಣಿಗೆ ಬಿತ್ತು, ಗುರುತಕ್ಕ ಆ ಕಡೆ ತಿರುಗಲಿಲ್ಲ. ಲೆಕ್ಕಾಚಾರದಂತೆ ಮೊದಲು ಒಬ್ಬ ಕಿವುಡಜ್ಜಿಗೆ ಊಟ ಮಾಡಿಸಿದಳು. ಆಮೇಲೆ ಹಲ್ಲಿಲ್ಲದ ಒಬ್ಬ ಮುದುಕನಿಗೆ. ಅವನು, "ನೀನು ಮದುವೆಯಾಗಿದ್ದೀಯಾ?" ಎಂದು ಕೇಳಿ ತಾನೇ ನಕ್ಕ. ಅವಳೂ ನಕ್ಕಳು. ಆಮೇಲೆ, ಹೊಸಬರು ನೋಡುವಂತೆ ಸುಮ್ಮನೆ ಸುತ್ತ ಕಣ್ಣಾಡಿಸಿದಳು.

ಕಿಟಕಿಯ ಹಾಸಿಗೆಯಲ್ಲಿ ಅಣ್ಣ ಅರ್ಧ ಆಗಿದ್ದ. ಕೊರಳ ಮೂಳೆಗಳು ಎದ್ದಿದ್ದವು, ಎಡಗೈಗೆ ಡ್ರಿಪ್ ಚುಚ್ಚಿದ್ದರು. ಅವಳು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ.

"ಅವರನ್ನ ಬಿಡಿ," ಎಂದರು ದೊಡ್ಡಕ್ಕ. "ಪಾಪ, ಸೋಮವಾರ ಬಂದೋರು. ಏನು ಕೊಟ್ರೂ ನೆತ್ತಿಗೇರುತ್ತೆ, ಕೆಮ್ಮಿ ಕೆಮ್ಮಿ ನೀಲಿ ಆಗಿಬಿಡ್ತಾರೆ. ನಾವೆಲ್ಲ ಕೈಚೆಲ್ಲಿದ್ದೀವಿ. ನಾಳೆ ಆಸ್ಪತ್ರೆಗೆ ಕಳಿಸ್ತೀವಿ, ಅಲ್ಲಿ ತನಕ ಉಳಿದ್ರೆ."

"ನಾನೊಂದ್ಸಲ ನೋಡ್ಲಾ?" ಎಂದಳು. ದನಿ ಅಪರಿಚಿತಳದೇ ಆಗಿತ್ತು, ಅದನ್ನು ತಾನೇ ಮೆಚ್ಚಿಕೊಂಡಳು. ಸೂಪಿನ ಬಟ್ಟಲು ಹಿಡಿದು ಕೂತಳು. ಅಣ್ಣನ ಕಣ್ಣು ತಪ್ಪಿಸಿ ಅವನ ಬಾಯಿಯನ್ನಷ್ಟೇ ನೋಡಿದಳು. ಒಂದು ಚಮಚ ಇಳಿಯಿತು. ಎರಡು. ಐದು. ಹನ್ನೆರಡು ಚಮಚ ಇಳಿಯಿತು, ಒಂದು ಕೆಮ್ಮಿಲ್ಲ. ಅಣ್ಣನೂ ಅಪ್ಪಟ ಅಪರಿಚಿತನಂತೆ ನಡೆದುಕೊಂಡ, ಕಣ್ಣಲ್ಲಿ ಒಂದು ಹನಿಯಿಲ್ಲ. ನೋಡುವವರಿಗೆ ಕಾಣುವುದೇನು, ಯಾವಳೋ ಸೇವಕಿ ಯಾವನೋ ರೋಗಿಗೆ ಸೂಪು ಕುಡಿಸುತ್ತಿದ್ದಾಳೆ, ಅಷ್ಟೇ. ಬಟ್ಟಲು ಅರ್ಧ ಖಾಲಿಯಾದಾಗಲೇ ಕೋಣೆಯಲ್ಲಿ ಮಿಕ್ಕ ಚಮಚಗಳ ಸದ್ದು ನಿಂತಿದೆ ಎಂಬುದು ಅವಳ ಗಮನಕ್ಕೆ ಬಂದದ್ದು.

"ಗಲ್ಲಾನ ಬಲಗಡೆಗೆ ತಿರುಗಿಸಿ ಹಿಡೀಬೇಕಾ?" ಎಂದು ದೊಡ್ಡಕ್ಕ ಬೆನ್ನ ಹಿಂದಿನಿಂದ ಮೆಲ್ಲಗೆ ಕೇಳಿದರು. ಗುರುತಕ್ಕ ತನ್ನ ಎಡಗೈ ನೋಡಿಕೊಂಡಳು. ಎರಡು ಬೆರಳು ಅಣ್ಣನ ಗಲ್ಲವನ್ನು ಸತ್ತ ಭುಜದ ಕಡೆಗೆ ತಿರುಗಿಸಿ, ತುಸು ಬಗ್ಗಿಸಿ, ಪ್ರತಿ ಚಮಚವೂ ಗಂಟಲು ದಾಟುವ ತನಕ ಹಿಡಿದುಕೊಂಡಿದ್ದವು. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯ ನರ್ಸೊಬ್ಬಳು ಒಂದು ಮಧ್ಯಾಹ್ನ ಕೂತು ಕಲಿಸಿದ್ದು. ಆಮೇಲೆ ಅದು ಕೈಯ ಕೆಲಸವಾಗಿ ತಲೆಗೆ ಮರೆತೇ ಹೋಗಿತ್ತು. ಅಣ್ಣನಿಗೆ ಊಟ ಮಾಡಿಸುವುದೂ ಒಂದು ವಿದ್ಯೆ, ಅದು ಲೋಕದಲ್ಲಿ ತನ್ನೊಬ್ಬಳಿಗೇ ಗೊತ್ತಿರುವುದು ಎಂದು ಅಷ್ಟೆಲ್ಲ ಯೋಚಿಸಿದವಳಿಗೆ ಒಂದು ಸಲವೂ ಹೊಳೆದಿರಲಿಲ್ಲ. "ಆರು ದಿನ ನಮಗೆ ತಿಳೀಲಿಲ್ಲ," ಎಂದರು ದೊಡ್ಡಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ಮನೆ ಎಲ್ಲಿ, ಹೇಳಮ್ಮ. ಊಟ ಮುಗೀಲಿ, ಇಬ್ಬರನ್ನೂ ಬಿಟ್ಟು ಬರೋಕೆ ವ್ಯಾನಿಗೆ ಹೇಳ್ತೀನಿ." ಗುರುತಕ್ಕನಿಗೆ ಹಿಡಿದ ಗಲ್ಲವನ್ನು ಬಿಡಲು ಆಗಲಿಲ್ಲ, ಬಿಟ್ಟರೆ ಬಾಯಲ್ಲಿದ್ದದ್ದು ನೆತ್ತಿಗೇರುತ್ತಿತ್ತು.