ಅನಗತ್ಯ ನಗು

ಅವನು ಮತ್ತೆ ನಕ್ಕ. ಪಿಟೀಲು ಮೇಡಂ ಒಂದು ವಾಕ್ಯ ಮುಗಿಸಿದ್ದೇ ತಡ, ಹಲ್ಲೆಲ್ಲ ತೋರಿಸಿ ನಕ್ಕ. ನನಗೆ ಹೊಟ್ಟೆ ಉರಿದುಹೋಯಿತು.

ನಮ್ಮದು ಆನ್‌ಲೈನ್ ಓದುಗರ ಬಳಗ; ಪಿಟೀಲು ಕಲಿಸುವ ಈ ಮೇಡಂ ಅದರ ಸದಸ್ಯೆ. ನಡೆಸುವವನು ಲೈಬ್ರರಿಯನ್, ಅಂದರೆ ಅವನೇ. ಅವನ ದೊಡ್ಡಮ್ಮನಿಗೆ ಕಿವಿ ಕೇಳಿಸದು. ಅವರೂ ಚರ್ಚೆಗೆ ಸೇರಲೆಂದು ಎಲ್ಲರ ಮಾತನ್ನೂ ಹೇಳಿದ ಹಾಗೇ ಟೈಪ್ ಮಾಡಿ ಪರದೆಯ ಕೆಳಗೆ ಮೂಡಿಸುವವಳು ನಾನು. ನಗು, ಕೆಮ್ಮು, ಬಾಗಿಲ ಸದ್ದು ಎಲ್ಲವೂ ಕಂಸದೊಳಗೆ. ನನ್ನ ಕ್ಯಾಮೆರಾ ಯಾವಾಗಲೂ ಆಫ್.

“ಮೇಡಂ, ಒಂದ್ನಿಮಿಷ. ಆ ಮಾತು ಇನ್ನೊಂದ್ಸಲ ಹೇಳಿ. ಎಷ್ಟು ಚೆನ್ನಾಗಿ ಹೇಳಿದ್ರಿ!”

ಇದನ್ನೂ ನಾನೇ ಟೈಪ್ ಮಾಡಬೇಕು. ಲೈಬ್ರರಿ ಕೌಂಟರಿನಲ್ಲಿ ನನಗೆ ಅವನಿಂದ ಸಿಗುವುದು ‘ರಿನ್ಯೂ ಮಾಡ್ಲಾ?’ ಅನ್ನುವ ಒಂದು ಪ್ರಶ್ನೆ. ಆಕೆಗಾದರೆ ಹೊಗಳಿಕೆಯ ಮೇಲೆ ಹೊಗಳಿಕೆ! ಅವನು ಮತ್ತೊಮ್ಮೆ ನಕ್ಕ. ನನ್ನ ಬೆರಳು ನನ್ನ ಮಾತು ಕೇಳಲಿಲ್ಲ.

(ಅನಗತ್ಯ ನಗು)

ಎಲ್ಲರೂ ಓದಿದರು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗಿಸಿದರು.

“ಅನಗತ್ಯ ಅಂತ ತೀರ್ಮಾನ ಮಾಡಿದ್ದು ಯಾರೋ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಯಾವ ಮುಖ ಹೊತ್ತು ಲೈಬ್ರರಿಗೆ ಹೋಗಲಿ? ಮೀಟಿಂಗ್ ಬಿಟ್ಟು ಓಡೋಣವೆಂದರೆ ದೊಡ್ಡಮ್ಮನಿಗೆ ಮುಂದಿನ ಮಾತು ತಿಳಿಯುವುದಿಲ್ಲ.

“ಟೈಪ್ ಮಾಡೋರೇ, ಇದ್ದೀರಾ?” ಅಂದ ಅವನು. ಕಿವಿ ಕೆಂಪಾಗಿತ್ತು. “ಮೇಡಂ ಮಾತು ಎಕ್ಸ್‌ಪ್ರೆಸ್ ರೈಲು. ನೀವು ಹಿಂದೆ ಬೀಳ್ತೀರಿ. ನಿಮ್ಮ ಬೆರಳಿಗೆ ಪುರುಸೊತ್ತು ಸಿಗ್ಲಿ ಅಂತ ನಗ್ತೀನಿ, ಇನ್ನೊಂದ್ಸಲ ಹೇಳಿ ಅಂತೀನಿ. ನಕ್ಕೂ ನಕ್ಕೂ ದವಡೆ ನೋಯ್ತಿದೆ.”

“ಅಯ್ಯೋ, ನನ್ನ ಜೋಕಿಗಲ್ವಾ?” ಅಂದರು ಪಿಟೀಲು ಮೇಡಂ.

ನಾನು ಟೈಪ್ ಮಾಡುತ್ತಲೇ ಇದ್ದೆ. ಕಣ್ಣು ಮಂಜಾಗಿ ಅಕ್ಷರಗಳು ತಪ್ಪುತ್ತಿದ್ದವು.

“ಇದನ್ನೂ ಹಾಕಿ,” ಅಂದ, ಈಗ ಒಂದೊಂದೇ ಪದ ಬಿಡಿಸಿ. “ಮೀಟಿಂಗ್‌ನಲ್ಲಿ ನಾನು ಯಾರ ಮುಖಾನೂ ನೋಡಲ್ಲ. ಕೆಳಗೆ ಬರೋ ಅಕ್ಷರಾನೇ ನೋಡ್ತಾ ಕೂತಿರ್ತೀನಿ. ಅದನ್ನ ಬರೆಯೋರು ಅಂದ್ರೆ ನಂಗಿಷ್ಟ.”

ಆ ಕೊನೆಯ ಪದ ಮೂಡಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಎಲ್ಲರೂ ಕಾದರು. ಪಿಟೀಲು ಮೇಡಂ ಕೂಡ.

ದೊಡ್ಡಮ್ಮ ಓದಿ ಮುಗಿಸಿದರು. “ಸರಿ ಕಣಮ್ಮ, ಇವನದ್ದಾಯ್ತು. ನಿಂದೇನು? ಅದೂ ಬರ್ಲಿ.”

ನಾನು ಕೀಬೋರ್ಡಿನಿಂದ ಕೈ ತೆಗೆದು ಕ್ಯಾಮೆರಾ ಆನ್ ಮಾಡಿದೆ. ಅವನು ನಗುವುದನ್ನೇ ಮರೆತು ನೋಡುತ್ತಿದ್ದ. ದೊಡ್ಡಮ್ಮನಿಗೆ ಓದಲು ಏನೂ ಬೇಕಾಗಲಿಲ್ಲ.