ಅವನ ಕಿಸೆಯಲ್ಲಿದ್ದ ಮೂರು ಚೀಟಿ

ಮನೋವೈದ್ಯರ ಕ್ಲಿನಿಕ್ಕಿನ ಮೆಟ್ಟಿಲು ಇಳಿದು ಬರುತ್ತಿದ್ದವನು ಪರಮೇಶ!

ಲೈನಿಂಗ್ ಬಟ್ಟೆ ತರಲು ಹಾನಗಲ್ಲಿಗೆ ಬಂದಿದ್ದ ಸಮತಾ ರಸ್ತೆಯಲ್ಲೇ ನಿಂತುಬಿಟ್ಟಳು. ಅವನೂ ಅವಳನ್ನು ನೋಡಿದ. ಕೈಯಲ್ಲಿದ್ದ ಚೀಟಿಯನ್ನು ಅವಸರದಲ್ಲಿ ಕಿಸೆಗೆ ತುರುಕಿದ.

"ನೀವು... ಇಲ್ಲಿ?"

"ಎಲಿ ಕೊಡಾಕ ಬಂದಿದ್ದೆ."

"ದವಾಖಾನಿಯಾಗ ಎಲಿ ಯಾರು ತಿಂತಾರ್ರಿ?"

ಪರಮೇಶ ಸುಮ್ಮನೆ ನಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಅವನ ಕೈ ಮತ್ತೆ ಮತ್ತೆ ಕಿಸೆಗೇ ಹೋಗುತ್ತಿತ್ತು.

'ಏನೋ ಮುಚ್ಚಿಡುತ್ತಿದ್ದಾನೆ...' ಎಂದುಕೊಂಡಳು ಸಮತಾ.

ಸವಣೂರಿನ ವೀಳ್ಯದೆಲೆಯನ್ನು ಟೆಂಪೋದಲ್ಲಿ ಸುತ್ತಲಿನ ಸಂತೆಗಳಿಗೆ ಸಾಗಿಸುವವನು ಪರಮೇಶ. ಶಿಗ್ಗಾವಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು ಸಮತಾ. ಅವಳು ಹುಟ್ಟಿದಾಗ ದುಂಡಸಿಯ ಮನೆಯವರು ಗಂಡುಮಗು ಎಂದು ಪೇಡೆ ಹಂಚಿದ್ದರು. ತಾನು ಹೆಣ್ಣು ಎಂಬುದು ಅವಳಿಗೆ ಏಳನೇ ವಯಸ್ಸಿಗೇ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಇಪ್ಪತ್ತು ವರ್ಷ ತುಂಬಬೇಕಾಯಿತು. ಸಮತಾ ಎಂಬ ಹೆಸರು ಅವಳೇ ಇಟ್ಟುಕೊಂಡದ್ದು.

ಹೋದ ವರ್ಷ ಅಂಗಡಿಗೆ ಬಂದ ಒಬ್ಬಾಕೆ, "ಇದು ಗಂಡೋ, ಹೆಣ್ಣೋ?" ಎಂದು ಎಲ್ಲರೆದುರು ಕೇಳಿದ್ದಳು. ಹರಿದ ಅಂಗಿ ಹಿಡಿದು ನಿಂತಿದ್ದ ಪರಮೇಶ ತಟ್ಟನೆ ಹೇಳಿದ್ದ. "ಟೇಲರ್ ಅದಾರ್ರಿ. ನಿಮಗ ಜಂಪರ್ ಹೊಲಿಸೋದೈತೋ ಇಲ್ಲೋ?"

ಅಂದಿನಿಂದ ಅವನ ಟೆಂಪೋದ ಹಾರ್ನ್ ಅವಳಿಗೆ ದೂರದಿಂದಲೇ ಗುರುತು. ಪ್ರೀತಿಯೇ? ಹೌದು, ಪ್ರೀತಿಯೇ! ಇಬ್ಬರೂ ಹೇಳಿಕೊಂಡಿರಲಿಲ್ಲ ಅಷ್ಟೇ.

ಹೋದ ತಿಂಗಳು ಅವಳು ತನ್ನ ಇನ್ನೊಂದು ಚಿಂತೆಯನ್ನು ಅವನೆದುರು ಬಿಚ್ಚಿಟ್ಟಿದ್ದಳು. ಹಾರ್ಮೋನ್ ಚಿಕಿತ್ಸೆ ಶುರುವಾಗಲು ಮನೋತಜ್ಞರ ಪತ್ರ ಬೇಕು. ಆದರೆ ಅವರ ಬಾಗಿಲು ತುಳಿಯಲು ಭಯ. ಹಿಂದೆ ಅಪ್ಪ ಎಳೆದುಕೊಂಡು ಹೋಗಿದ್ದ ಡಾಕ್ಟರು, "ಇವನಿಗೆ ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದಿದ್ದರು. ವಾರವಿಡೀ ಅವಳು ಅನ್ನ ಮುಟ್ಟಿರಲಿಲ್ಲ.

"ನನ್ನಂಥವರನ್ನ ನೋಡಿ ರೂಢಿ ಇದ್ದವರು ಒಬ್ಬರು ಸಿಕ್ಕರ ಸಾಕು ನೋಡ್ರಿ..." ಎಂದಿದ್ದಳು. ಅವನು ಅಲ್ಲಿಂದ ಎದ್ದು ಹೋಗಿದ್ದ.

ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ. ಹಾನಗಲ್ಲಿನಿಂದ ಮರಳಿದ ಮೇಲೆ ಸಮತಾಳಿಗೆ ಎಲ್ಲದರಲ್ಲೂ ಅನುಮಾನ. ಅವನೇಕೆ ಎರಡು ದಿನ ಫೋನ್ ಮಾಡಲಿಲ್ಲ? ಮಾಡಿದಾಗ ದನಿಯೇಕೆ ಸಣ್ಣಗಿತ್ತು?

ಅಷ್ಟರಲ್ಲಿ ಗಿರಾಕಿ ಹಾಲವ್ವ ಬೆಂಕಿಗೆ ತುಪ್ಪ ಸುರಿದಳು. "ಎಲಿ ಪರಮೇಶಗ ತಲಿ ಕೆಟ್ಟೈತಂತ! ಊರೂರು ಹುಚ್ಚಿನ ಡಾಕ್ಟರ್ ಹುಡುಕಾಕತ್ತಾನಂತ!"

ಮರುದಿನ ಗುಂಡಿ ಹಚ್ಚಲು ಅವನು ಕೊಟ್ಟುಹೋದ ಅಂಗಿಯ ಕಿಸೆಯಲ್ಲಿ ಸಿಕ್ಕವು ಮೂರು ಚೀಟಿ. ಮೂರರ ಮೇಲೂ ರೋಗಿಯ ಹೆಸರು ಪರಮೇಶ! ಚೀಟಿಗಳ ಹಿಂಬದಿಯಲ್ಲಿ ಅವನದೇ ಸೊಟ್ಟ ಅಕ್ಷರ.

ಹಿರೇಕೆರೂರು: 'ಆಕೀನ್ನ ಬಿಟ್ಟುಬಿಡು ಅಂದ್ರು.'

ಹಾನಗಲ್: 'ಮೂರು ತಿಂಗಳಾಗ ಸರಿ ಮಾಡ್ತೇನಿ ಅಂದ್ರು.'

ಸವಣೂರು: 'ರವಿವಾರ ಬರಾಕ ಹೇಳ್ಯಾರ.'

'ನನ್ನನ್ನು ಪ್ರೀತಿಸುವುದು ಇವನಿಗೂ ರೋಗವೇ? ಅದಕ್ಕೆ ಔಷಧ ಹುಡುಕುತ್ತಿದ್ದಾನೆಯೇ?' ಕಣ್ಣೀರು ಅಂಗಿಯ ಮೇಲೇ ಬಿತ್ತು. ಗುಂಡಿಯನ್ನಂತೂ ಹಚ್ಚಲಿಲ್ಲ.

ಸಂಜೆ ಅವನು ಬಂದಾಗ ಚೀಟಿಗಳನ್ನು ಮಷೀನಿನ ಮೇಲೆ ಹರವಿದಳು.

"ಆರಾಮ ಆತೇನ್ರಿ? ನಾ ಬಿಟ್ಟೆನಾ ನಿಮ್ಮ ತಲ್ಯಾಗಿಂದ?"

"ಸಮತಾ, ಹಂಗಲ್ಲ..."

"ಮತ್ತ ಹೆಂಗ? ನಿಮ್ಮ ಹೆಸರು ಯಾಕ ಐತಿ ಇದರ ಮ್ಯಾಲೆ?"

"ನಿನ್ನ ಹೆಸರು ಬರೆಸಿದ್ರ ಸಂಜೀಗೆ ಊರೆಲ್ಲಾ ಸುದ್ದಿ ಆಕ್ಕಿತ್ತು. ಅದಕ್ಕ ನನ್ನದು ಬರೆಸಿದೆ. ನಾ ಒಬ್ಬಾಕೀನ್ನ ಪ್ರೀತಿ ಮಾಡೇನ್ರಿ, ಆಕಿ ಹಿಂಗ ಅದಾಳ, ಏನ್ ಮಾಡ್ಲಿ ಅಂತ ಕೇಳಿದೆ. ಬಿಡು ಅಂದವ್ರನ್ನ, ಸರಿ ಮಾಡ್ತೇನಿ ಅಂದವ್ರನ್ನ... ಅಲ್ಲೇ ಬಿಟ್ಟು ಬಂದೆ."

ಪ್ರೀತಿ ಮಾಡೇನಿ! ಅವಳು ವರ್ಷದಿಂದ ಕಾದ ಮಾತು ಜಗಳದ ನಡುವೆ ಬಿದ್ದಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

"ನನ್ನ ಕೇಳ್ದ ಯಾಕ ಹೋದ್ರಿ?"

"ಅದು ನನ್ನ ತಪ್ಪು." ಅವನು ತಲೆ ತಗ್ಗಿಸಿದ. "ಹೆಣ್ಣು ಕೊಡೋ ಮುಂದ ಹಿರ್ಯಾರು ಹೋಗಿ ಮನಿ ನೋಡಿ ಬರ್ತಾರಲ್ಲ... ಬಾಗಲಾಗ ಹೆಂಗ ಮಾತಾಡಿಸ್ತಾರ, ಎಂಥಾ ಮಂದಿ ಅಂತ. ನಿನ್ನ ಕಡಿಂದ ಹೋಗಾಕ ಯಾರೂ ಇರಲಿಲ್ಲ. ನಾ ಹೋದೆ."

ಅಪ್ಪ ಮಾಡಬೇಕಿದ್ದ ಕೆಲಸವನ್ನು ಇವನು ಮಾಡಿದ್ದ, ಹುಚ್ಚ ಎನ್ನಿಸಿಕೊಂಡು.

"ಮತ್ತ... ಸವಣೂರಿನವರು?"

"ಮಾಸೂಮಾ ಮೇಡಂ. 'ಆಕಿ ಎದುರಿಗಿಲ್ದ ಆಕಿ ಬಗ್ಗೆ ನಾ ಮಾತಾಡಂಗಿಲ್ಲ. ಆಕಿಗೆ ಮನಸ್ಸಿದ್ರ ರವಿವಾರ ಬರ್ಲಿ' ಅಂದ್ರು. ಇಂಥವರನ್ನ ಎಷ್ಟು ಮಂದಿ ನೋಡೀರಿ ಅಂತ ಕೇಳಿದೆ. 'ಒಂಬತ್ತು ವರ್ಷದಿಂದ ನೋಡಾಕತ್ತೇನಿ. ಯಾರನ್ನ ಅಂತ ಮಾತ್ರ ಕೇಳಬ್ಯಾಡ್ರಿ' ಅಂದ್ರು."

ಅವಳು ಮೂರನೇ ಚೀಟಿಯನ್ನು ಕೈಗೆತ್ತಿಕೊಂಡಳು.

"ನಾ ಒಳಗ ಹೋಗಿ ಐದು ನಿಮಿಷಕ್ಕ ಎದ್ದು ಬಂದ್ರ?"

"ಟೆಂಪೋ ಚಾಲೂನೇ ಇಟ್ಟಿರ್ತೇನಿ."

ರವಿವಾರ ಸವಣೂರಿನ ಆ ಮೆಟ್ಟಿಲು ಹತ್ತುವಾಗಲೂ ಅನುಮಾನ ಅವಳ ಸೆರಗು ಹಿಡಿದೇ ಬಂತು. 'ಹೊರಗೆ ಸಿಹಿ ಮಾತು, ಒಳಗೆ ಅದೇ ಹಳೆಯ ಪಾಠವಾದರೆ?' ಬಾಗಿಲು ತೆರೆಯಿತು. ಕನ್ನಡಕ ಹಾಕಿದ ಮಾಸೂಮಾ ಮೇಡಂ ಮೊದಲು ಕೇಳಿದ್ದು ಒಂದೇ.

"ನಿಮ್ಮನ್ನ ಏನಂತ ಕರೀಲಿ?"

"...ಸಮತಾ."

"ಬರ್ರಿ ಸಮತಾ." ಹಿಂದೆಯೇ ಹೆಜ್ಜೆ ಇಟ್ಟ ಪರಮೇಶನಿಗೆ ಅವರು ಕೈ ಅಡ್ಡ ಹಿಡಿದರು. "ನೀವು ಹೊರಗ ಕುಂದರ್ರಿ."

ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಪರಮೇಶ ಕೆಳಗಿಳಿದು ಟೆಂಪೋ ಬಂದ್ ಮಾಡಿ ಬಂದ.

ಒಂದು ತಾಸಿನ ಮೇಲೆ ಹೊರಬಂದ ಸಮತಾಳ ಕಣ್ಣುಗಳು ಕೆಂಪಾಗಿದ್ದವು. ಮುಖ ಮಾತ್ರ ಹಗುರಾಗಿತ್ತು.

"ಏನಂದ್ರು?"

"ಒಳಗಿನ ಮಾತು. ಹೇಳಂಗಿಲ್ಲ."

"ಬ್ಯಾಡ ಬಿಡು. ಪತ್ರ?"

"ಇನ್ನೂ ಎರಡು ಮೂರು ಸಲ ಬರಬೇಕು. ಬರ್ತೇನಿ." ಅವಳು ಬೆಂಚಿನ ಮೇಲೆ ಅವನ ಪಕ್ಕ ಕುಳಿತಳು. "ನೀವು ನನ್ನ ಸಲುವಾಗಿ ಮನಿ ನೋಡಿ ಬಂದ್ರಿ. ಈಗ ನಾ ನಿಮ್ಮನ್ನ ವಿಚಾರಿಸಬೇಕಲ್ಲ? ಯಾರನ್ನ ಕೇಳ್ಲಿ?"

ಪರಮೇಶನ ಕಿವಿ ಕೆಂಪಾಯಿತು. "ಯಾರನ್ನರ ಕೇಳು. ಎಲ್ಲಾರೂ ಒಂದೇ ಹೇಳ್ತಾರ, ಪರಮೇಶಗ ತಲಿ ಕೆಟ್ಟೈತಿ ಅಂತ."

ಸಮತಾ ಅವನ ಕೈ ಹಿಡಿದಳು.

"ಹಾಲವ್ವನೂ ಹಂಗ ಅಂದ್ಲು. ಇಬ್ರು ಹೇಳಿದ ಮ್ಯಾಲೆ ಮುಗೀತು... ನಾ ಒಪ್ಪಿದೆ."