ಜೋಡಿ ಮೈಕ್ರೋಸ್ಕೋಪು

“ಏನಮ್ಮ ಕಾಣ್ತಿದೆ?” ಎಂದು ಪ್ರೊಫೆಸರ್ ಕೇಳಿದ ಮೊದಲ ದಿನ, ಮೈಕ್ರೋಸ್ಕೋಪಿನಿಂದ ಕಣ್ಣೆತ್ತದೆ ಹೇಳಿದ್ದೆ: “ಗುಲಾಬಿ ಬಣ್ಣ, ಸರ್.”

ಬಣ್ಣ ಹಾಕಿದ ಸ್ಲೈಡುಗಳೆಲ್ಲ ಗುಲಾಬಿಯೇ; ಲ್ಯಾಬ್ ಘೊಳ್ಳೆಂದು ನಕ್ಕಿತು. ಅಂದಿನಿಂದ ನನ್ನ ಹೆಸರೇ ಗುಲಾಬಿ. ಹಾಗೆ ಮೊದಲು ಕರೆದವರು ನನಗಿಂತ ಒಂದು ವರ್ಷ ಸೀನಿಯರ್ ಆಗಿದ್ದ ಡಾಕ್ಟರೊಬ್ಬರು. ಸ್ಲೈಡ್ ನೋಡಿ ರೋಗ ಗುರುತಿಸಲು ನನಗೆ ಕಲಿಸುವ ಕೆಲಸವೂ ಅವರ ತಲೆಗೇ ಬಿತ್ತು.

ಈಗ ಸ್ಲೈಡುಗಳೆಲ್ಲ ಕಂಪ್ಯೂಟರ್ ಪರದೆಗೆ ಬರುತ್ತವೆ. ಆಗ ಕಿಟಕಿಯ ಪಕ್ಕ ಒಂದು ಜೋಡಿ ಮೈಕ್ರೋಸ್ಕೋಪು ಇತ್ತು. ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡ್ ನೋಡಬಹುದಿತ್ತು. ಅವರು ಗುಂಡಿ ತಿರುಗಿಸಿದರೆ ಹಸಿರು ಬೆಳಕಿನ ಬಾಣವೊಂದು ನೋಡಬೇಕಾದ ಜಾಗ ತೋರಿಸುತ್ತ ನನ್ನ ಕಣ್ಣೊಳಗೆ ಓಡಾಡುತ್ತಿತ್ತು.

“ಇದೇನು?”

“ಕ್ಯಾನ್ಸರ್.”

“ಪಾಪ, ಆರೋಗ್ಯವಾಗಿರೋ ಲಿವರ್‌ನ ಕೊಂದೇಬಿಟ್ಟೆಯಲ್ಲೇ! ಅವಸರ ಯಾಕೆ? ಮೊದಲು ಊರು ನೋಡು, ಆಮೇಲೆ ಮನೆ, ಆಮೇಲೆ ಮನೆಯೊಳಗಿನ ಜನ.”

ನೋಡುತ್ತಿದ್ದೆ. ಕೆಲವೊಮ್ಮೆ ಕದ್ದು ಅವರನ್ನೇ ನೋಡುತ್ತಿದ್ದೆ. ತುಟಿ ಕಚ್ಚಿ, ಹುಬ್ಬು ಗಂಟಿಕ್ಕಿ ಕೂತಿರುತ್ತಿದ್ದರು.

“ಸ್ಲೈಡ್ ಇಲ್ಲಿಲ್ಲ, ಕೆಳಗಿದೆ,” ಎನ್ನುತ್ತಿದ್ದರು, ತಲೆ ಎತ್ತದೆಯೇ. ನನ್ನ ಕಿವಿಯೆಲ್ಲ ಬಿಸಿಯಾಗುತ್ತಿತ್ತು.

ಮರುವರ್ಷ ಒಂದು ಮಧ್ಯಾಹ್ನ ಅವರು ಸ್ಲೈಡ್ ಇಟ್ಟುಕೊಂಡು ಕಲ್ಲಿನಂತೆ ಕೂತಿದ್ದರು. ತಾಯಿ ಇಲ್ಲದ ಅವರನ್ನು ಎತ್ತಿ ಆಡಿಸಿ ಓದಿಸಿದ ಅಕ್ಕನ ಕುತ್ತಿಗೆಯಿಂದ ತೆಗೆದ ಗಂಟು ಅದು.

“ಕ್ಯಾನ್ಸರೇ. ಆ ದೊಡ್ಡ ಜೀವಕೋಶ ನೋಡು. ಅಕ್ಕನಿಗೆ ಏನಂತ ಹೇಳಲಿ?”

ಎದುರು ಕೂತು ಕಣ್ಣಿಟ್ಟೆ: ಹಸಿರು ಬಾಣ ಆ ಒಂದೇ ಜೀವಕೋಶದ ಮೇಲಿತ್ತು.

“ಜಾಗ ಬಿಡಿ,” ಎಂದೆ. ಊರು ನೋಡಿದೆ, ಮನೆ ನೋಡಿದೆ. ನಡುವೆ ಸತ್ತ ಜಾಗ, ಸುತ್ತ ಬೇಲಿ ಹಾಕಿದಂತೆ ಜೀವಕೋಶಗಳು. ಆ ದೊಡ್ಡದರೊಳಗೆ ನೇರಳೆ ಚುಕ್ಕೆಗಳು ಅಂಚಿಗೆ ಸರಿದು ಕುದುರೆಲಾಳದಂತೆ ನಿಂತಿದ್ದವು.

“ಇದು ಟಿಬಿ ಕಣೋ! ಔಷಧಿಗೆ ವಾಸಿಯಾಗತ್ತೆ. ನೀನು ಸ್ಲೈಡ್ ನೋಡ್ತಿಲ್ಲ, ಅಕ್ಕನ್ನ ನೋಡ್ತಿದ್ದೀಯ.”

ಬಾಯಿ ತಪ್ಪಿ ಬಂದ ‘ಕಣೋ’ ಇಬ್ಬರಿಗೂ ಕೇಳಿಸಿತು. ಅವರು ಸ್ಲೈಡ್ ಎತ್ತಿಕೊಂಡು ಪ್ರೊಫೆಸರ್ ಬಳಿ ಓಡಿದರು.

ಪ್ರೊಫೆಸರ್ ನೋಡಿ, “ಗುಲಾಬಿ ಹೇಳಿದ್ದೇ ಸರಿ ಅನ್ನಿಸತ್ತೆ. ಟಿಬಿ ಕ್ರಿಮಿ ತೋರಿಸೋ ಬಣ್ಣ ಹಾಕಿ ಖಾತ್ರಿ ಮಾಡ್ಕೊಳ್ಳೋಣ,” ಎಂದರು. ಮರುದಿನ ನೀಲಿಯ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು ಕಂಡವು. ಟಿಬಿಯೇ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮೇಜು ಸುತ್ತಿ ಹೋಗಿ ಹೆಗಲ ಮೇಲೆ ಕೈ ಇಟ್ಟೆ. ಆ ಕೈ ಹಿಡಿದುಕೊಂಡ ಅವರು ಬಹಳ ಹೊತ್ತು ಬಿಡಲಿಲ್ಲ.

ಔಷಧಿ ಮುಗಿಸಿ, ಮೈ ತುಂಬಿಕೊಂಡ ಅಕ್ಕ ಒಂದು ದಿನ ಲ್ಯಾಬಿಗೇ ಬಂದರು.

“ಓ, ಗುಲಾಬಿ ಅಂದ್ರೆ ನೀನೇನಾ? ಮನೇಲಿ ಇವನ ಬಾಯಲ್ಲಿ ಬರೀ ಗುಲಾಬಿ, ಗುಲಾಬಿ. ಗಿಡ ಏನಾದ್ರೂ ನೆಟ್ಟಿದಾನೇನೋ ಅಂದ್ಕೊಂಡಿದ್ದೆ.” ತಮ್ಮನ ಕಡೆ ತಿರುಗಿದರು. “ಕೇಳಿದ್ಯೇನೋ ಇವಳನ್ನ?”

“ಅಕ್ಕಾ...”

“ಬಾಯಿಗೆ ಬೀಗ ಜಡಿದಿದ್ದೀಯಾ? ನಾನು ಹೊರಗಿರ್ತೀನಿ.” ಬಾಗಿಲು ಎಳೆದುಕೊಂಡು ಹೋದರು.

ಅಷ್ಟು ದಿನ ನನ್ನನ್ನು ರೇಗಿಸಿದವರು ನೆಲ ನೋಡುತ್ತ, “ನನ್ನನ್ನ... ಮದುವೆ ಆಗ್ತೀರಾ?” ಎಂದರು. ನನಗೆ ಬಹುವಚನ!

“ಆಗ್ತೀನಿ,” ಎಂದೆ. “ಮೊದಲು ಬಾಗಿಲು ತೆಗೀರಿ. ಅಕ್ಕ ಅಲ್ಲೇ ಕಿವಿಗೊಟ್ಟು ನಿಂತಿದಾರೆ.”

“ಇಲ್ಲಪ್ಪ, ನನಗೇನೂ ಕೇಳಿಸ್ಲಿಲ್ಲ!” ಎಂದಿತು ಬಾಗಿಲಾಚೆಯಿಂದ ಅಕ್ಕನ ದನಿ, ನಗುತ್ತ, ಅಳುತ್ತ.